ಜೈಲು ಸುಧಾರಣೆಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಗೆ ದೇಣಿಗೆ ಕೊಟ್ಟರೆ ಒಬ್ಬ ಕೈದಿಗಾದರೂ ಉಪಯೋಗ ಆಗುತ್ತಾ?

ಆಗುತ್ತೆ. ಆದರೆ ಅವರ ಕೆಲಸ ಜೈಲಿನ ಗೇಟು ದಾಟಿ ಒಳಗೆ ಬರಬೇಕು. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕನಾಗಿ ನಾನು ಜೈಲಿಗೆ ಹೋಗಿಬರುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಆಫ್ರಿಕಾದ ಮಲಾವಿಯ ಕಥೆ ಹೇಳುತ್ತೇನೆ. ಬಡ ದೇಶ, ವಕೀಲರು ತೀರಾ ಕಡಿಮೆ. ವಿಚಾರಣೆಯೇ ಆಗದೆ ಜನ ವರ್ಷಗಟ್ಟಲೆ ಒಳಗೆ ಕೊಳೆಯುತ್ತಿದ್ದರು. 2000ರಲ್ಲಿ ಪೀನಲ್ ರಿಫಾರ್ಮ್ ಇಂಟರ್‌ನ್ಯಾಷನಲ್ ಎಂಬ ಅಂತರರಾಷ್ಟ್ರೀಯ ಜೈಲು ಸುಧಾರಣಾ ಸಂಸ್ಥೆ ಅಲ್ಲಿನದೇ ನಾಲ್ಕು ಸಂಸ್ಥೆಗಳ ಜೊತೆ ಸೇರಿತು. ವಕೀಲರಲ್ಲದವರಿಗೇ ಕ್ರಿಮಿನಲ್ ಕಾನೂನು ಕಲಿಸಿ ಜೈಲುಗಳಿಗೆ ಕಳಿಸಿತು.

ಅವರು ಒಳಗೆ ಹೋಗಿ ನಾಟಕ ಆಡಿಸಿದರು! ಒಬ್ಬ ಕೈದಿ ಜಡ್ಜ್, ಇನ್ನೊಬ್ಬ ಪೊಲೀಸ್, ಮತ್ತೊಬ್ಬ ಆರೋಪಿ. ಜಾಮೀನು ಹೇಗೆ ಕೇಳಬೇಕು, ಜಡ್ಜ್ ಏನು ಕೇಳಬಹುದು, ಎಲ್ಲ ಆಡಿ ಕಲಿತರು. ಓದು ಬರಹ ಬಾರದವನಿಗೂ ಇದು ತಲೆಗೆ ಹತ್ತುತ್ತೆ, ಅಲ್ವಾ? ಜೊತೆಗೆ, ಅವಧಿ ಮೀರಿ ಒಳಗಿರುವವರ ಪಟ್ಟಿ ಮಾಡಿದರು. ಆ ಪಟ್ಟಿ ಇಟ್ಟುಕೊಂಡು ಮ್ಯಾಜಿಸ್ಟ್ರೇಟರೇ ಜೈಲಿಗೆ ಬಂದು ಕೋರ್ಟ್ ನಡೆಸಿದರು. ಕೆಲವರಿಗೆ ಜಾಮೀನು, ಕೆಲವರಿಗೆ ಬಿಡುಗಡೆ, ಉಳಿದವರಿಗೆ ವಿಚಾರಣೆಯ ದಿನ ಸಿಕ್ಕಿತು.

ವಕೀಲರಲ್ಲದವರೂ ಕಾನೂನು ನೆರವು ಕೊಡಬಹುದು ಎಂದು 2004ರಲ್ಲಿ ಮಲಾವಿಯ ರಾಜಧಾನಿ ಲಿಲಾಂಗ್ವೆಯಲ್ಲಿ ಹೊರಬಂದ ಘೋಷಣೆ ಒಪ್ಪಿತು. 2012ರಲ್ಲಿ ವಿಶ್ವಸಂಸ್ಥೆಯೂ ಒಪ್ಪಿತು. ಕೆಲಸ ಮೊದಲು ನಡೆಯಿತು, ಘೋಷಣೆ ಆಮೇಲೆ ಬಂತು. ನನಗೆ ಇದರಲ್ಲಿ ಹಿಡಿಸಿದ್ದೇ ಅದು.

ನಮ್ಮಲ್ಲೂ ಕಾನೂನು ಇದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕಾನೂನಿನ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗದ ವಿಚಾರಣಾಧೀನ ಕೈದಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಗಲ್ಲು, ಜೀವಾವಧಿಯ ಕೇಸುಗಳಿಗೆ ಇದು ಇಲ್ಲ. ಹಲವು ಕೇಸುಗಳು ಬಾಕಿ ಇದ್ದವರಿಗೂ ಇಲ್ಲ. ಆದರೆ ಒಳಗಿರುವವರಿಗೆ ಇದನ್ನು ಯಾರು ಹೇಳಬೇಕು?

ಒಬ್ಬ ಹುಡುಗ ನನ್ನ ಕೈಗೆ ಒಂದು ಹಾಳೆ ಕೊಟ್ಟ. ಅಂಗಿ ಜೇಬಲ್ಲೇ ಇಟ್ಟು ಇಟ್ಟು ಬೆವರಿಗೆ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಜಾಮೀನಿನ ಆದೇಶ, ನಾಲ್ಕು ತಿಂಗಳ ಹಿಂದಿನದು. ಶ್ಯೂರಿಟಿಗೆ ಪಹಣಿ ತರುವವರು ಅವನ ಕಡೆ ಯಾರೂ ಇರಲಿಲ್ಲ. ಅಷ್ಟಕ್ಕೇ ಒಳಗಿದ್ದ. ಸ್ವಂತ ಬಾಂಡ್ ಮೇಲೆ ಬಿಡಿ ಅಂತ ಅರ್ಜಿ ಹಾಕಿಸಿದೆವು, ಹನ್ನೊಂದನೇ ದಿನ ಹೊರಗೆ ಬಂದ.

ದೇಣಿಗೆ ಕೊಡುವ ಮೊದಲು ಆ ಸಂಸ್ಥೆಗೆ ಒಂದೇ ಮಾತು ಕೇಳಿ: ನಿಮ್ಮವರು ತಿಂಗಳಿಗೆ ಎಷ್ಟು ಸಲ ಜೈಲಿನ ಒಳಗೆ ಹೋಗುತ್ತಾರೆ?