ಸಾಲ ಪಡೆದವರು ಸೈಟನ್ನು ಹೆಂಡತಿಗೆ ಬರೆದುಕೊಟ್ಟರೆ?

ಪ್ರಶ್ನೆ: 6 ಲಕ್ಷ ಕೈಸಾಲ ಪಡೆದವರು, ನನ್ನ ಲಾಯರ್ ನೋಟಿಸ್ ಮುಟ್ಟಿದ ಮರುವಾರವೇ ಇದ್ದೊಂದು ಸೈಟನ್ನು ಹೆಂಡತಿಗೆ ದಾನಪತ್ರ ಮಾಡಿದ್ದಾರೆ. ದಾರಿ ಇದೆಯೇ?

ಉತ್ತರ: ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ನಿಮ್ಮ ನೆರವಿಗಿದೆ. ಸಾಲ ಕೊಟ್ಟವರ ವಸೂಲಿ ತಪ್ಪಿಸಲು ಇಲ್ಲವೇ ತಡಮಾಡಲು ಮಾಡಿದ ಸ್ಥಿರಾಸ್ತಿ ವರ್ಗಾವಣೆಯನ್ನು ರದ್ದುಪಡಿಸಬಹುದು. ಆದರೆ ಪತ್ರ ತಾನಾಗಿ ಬೀಳದು. ದಾವೆ ಹೂಡಬೇಕು, ಅದೂ ಸಾಲ ಕೊಟ್ಟ ಎಲ್ಲರ ಪರವಾಗಿ. ಹಲವರು ಎಡವುವುದು ಇಲ್ಲೇ.

ದುರುದ್ದೇಶ ಸಾಬೀತುಪಡಿಸುವ ಹೊಣೆ ನಿಮ್ಮದು. ಇಂದೇ ಸೈಟಿನ ಇ.ಸಿ. (ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪತ್ರ) ತೆಗೆಸಿ, ನೋಟಿಸ್ ಮುಟ್ಟಿದ ತಾರೀಖಿನ ಪಕ್ಕ ದಾನಪತ್ರದ ನೋಂದಣಿ ತಾರೀಖು ಇಟ್ಟು ನೋಡಿ. ಅವರಿಗೆ ಬೇರೆ ಆಸ್ತಿ ಇಲ್ಲದಿರುವುದು, ಸೈಟು ಈಗಲೂ ಅವರ ಕೈಯಲ್ಲೇ ಇರುವುದು ನಿಮಗೆ ಬಲ. ಹೆಂಡತಿ ಅದನ್ನು ಮಾರಿದರೆ, ವಿಷಯ ತಿಳಿಯದೆ ಬೆಲೆ ಕೊಟ್ಟು ಕೊಂಡವರಿಗೆ ಕಾನೂನಿನ ರಕ್ಷಣೆ ಸಿಗುತ್ತದೆ. ಹಾಗಾಗಿ ದಾವೆಯ ಜತೆಗೇ ತಡೆಯಾಜ್ಞೆ ಕೇಳಿ.