ಫೋಟೋ ಹಗುರವಾಗಬೇಕು, ಎಲೆಚುಕ್ಕಿ ಕಾಣಬೇಕು

ಅಣ್ಣ, ಎಲೆಚುಕ್ಕಿ ರೋಗ ತಗಲಿದ ಅಡಿಕೆ ಸೋಗೆಯ ಫೋಟೋ 5 ಎಂಬಿ ಇದೆ, ಪೆರ್ಲದ ತೋಟದಿಂದ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದೇ ಇಲ್ಲ, ಆ್ಯಪ್ ಒಂದರಲ್ಲಿ 60 ಕೆಬಿಗೆ ಇಳಿಸಿದರೆ ಏನೂ ಕಾಣುವುದಿಲ್ಲ ಎಂದು ಬರೆದಿದ್ದೀರಿ. ಅಷ್ಟು ಇಳಿಸಬೇಕಾಗಿಲ್ಲ.

ಮೊದಲು ಕತ್ತರಿಸಿ. ನೀವು ಹಾಕಿದ ಚಿತ್ರದಲ್ಲಿ ಮುಕ್ಕಾಲು ಪಾಲು ಆಕಾಶ ಮತ್ತು ಪಕ್ಕದ ಮರ. ಗ್ಯಾಲರಿಯಲ್ಲಿ ಕ್ರಾಪ್ ಮಾಡಿ, ರೋಗ ತಗಲಿದ ಎರಡು ಮೂರು ಗರಿಗಳನ್ನಷ್ಟೇ ಉಳಿಸಿಕೊಳ್ಳಿ. ನೋಡಬೇಕಾದ ಭಾಗ ಮಸುಕಾಗದೆ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಆಮೇಲೆ ಅಳತೆ. 12 ಮೆಗಾಪಿಕ್ಸೆಲ್ ಚಿತ್ರವೆಂದರೆ 4000×3000 ಪಿಕ್ಸೆಲ್. ಅದನ್ನು 1600×1200ಕ್ಕೆ ತಂದರೆ ಪಿಕ್ಸೆಲ್‌ಗಳು ಸುಮಾರು ಆರರಲ್ಲೊಂದು ಪಾಲಾಗುತ್ತವೆ, ಮೊಬೈಲ್ ಪರದೆಗೆ ಧಾರಾಳವಾಗಿ ಸಾಕು. ಕತ್ತರಿಸಿದ ಚಿತ್ರ ಆಗಲೇ ಅದಕ್ಕಿಂತ ಚಿಕ್ಕದಿದ್ದರೆ ಮುಟ್ಟಬೇಡಿ.

ಗುಣಮಟ್ಟಕ್ಕೆ ಕೈ ಹಾಕುವುದು ಕೊನೆಗೆ, ಅದೂ ಅಳೆದು ತೂಗಿ. ನಮ್ಮ ಕಣ್ಣಿಗೆ ಬೆಳಕು ನೆರಳಿನ ವ್ಯತ್ಯಾಸ ತಿಳಿಯುವಷ್ಟು ಬಣ್ಣದ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ ಫೋಟೋಗಳನ್ನು ಕುಗ್ಗಿಸಿ ಉಳಿಸುವ ಜೆಪೆಗ್ ವಿಧಾನವು ಬಣ್ಣದ ಸೂಕ್ಷ್ಮ ವಿವರವನ್ನು ಹೆಚ್ಚಾಗಿ ಕೈಬಿಡುತ್ತದೆ. ಮದುವೆ ಫೋಟೋಗೆ ಅದರಿಂದ ತೊಂದರೆಯಿಲ್ಲ. ಆದರೆ ಎಲೆಚುಕ್ಕಿಯಲ್ಲಿ ನಾವು ಹುಡುಕುವುದೇ ಕಂದು ಕಲೆಯ ಸುತ್ತಲಿನ ಹಳದಿ ಉಂಗುರವನ್ನು! ತೀರಾ ಹಿಂಡಿದರೆ ಆ ಹಳದಿ ಹಸಿರಿನೊಳಗೆ ಕರಗಿ, 8×8 ಪಿಕ್ಸೆಲ್‌ಗಳ ಚೌಕಗಳು ಏಳುತ್ತವೆ. ಗುಣಮಟ್ಟದ ಸಂಖ್ಯೆಯನ್ನು ನೂರಕ್ಕೆ 80ರ ಆಸುಪಾಸಿನಲ್ಲಿ ಇಡಿ. ಕಂಪ್ಯೂಟರ್ ಇದ್ದರೆ ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ, ಇಲ್ಲವೇ ಬ್ರೌಸರಿನಲ್ಲೇ ತೆರೆಯುವ ಸ್ಕೂಶ್‌ನಲ್ಲಿ ಈ ಸಂಖ್ಯೆಯನ್ನು ನೀವೇ ಆರಿಸಬಹುದು. ಸ್ಕೂಶ್ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ತೋರಿಸುವುದರಿಂದ ನನಗೆ ಅದೇ ಹಿಡಿಸಿದೆ.

ಮೂಲ ಚಿತ್ರವನ್ನು ಅಳಿಸಬೇಡಿ, ಅದರ ಮೇಲೆಯೇ ಉಳಿಸಲೂ ಬೇಡಿ. ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ವಿವರ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಕಳೆದ ಮಳೆಗಾಲದ ನನ್ನ ಕೊಳೆರೋಗದ ಚಿತ್ರಗಳು ಹೀಗೆಯೇ ಹಾಳಾದವು, ಈ ವರ್ಷದ್ದಕ್ಕೆ ಹೋಲಿಸಲು ಒಂದೂ ಉಳಿದಿಲ್ಲ.

ವಾಟ್ಸ್‌ಆ್ಯಪ್ ಫೋಟೋವನ್ನು ತಾನೂ ಕುಗ್ಗಿಸುತ್ತದೆ. ನೀವು ಸಿದ್ಧಪಡಿಸಿದ್ದು ಹಾಗೆಯೇ ತಲುಪಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳಿಗೆ ಇಮೇಲ್ ಮಾಡುವುದಾದರೆ ಪೇಟೆಯ ವೈಫೈ ಇರುವಲ್ಲಿಂದ ಮೂಲವನ್ನೇ ಕಳುಹಿಸಿ. ಜಿಮೇಲ್‌ನಲ್ಲಿ ಒಟ್ಟು 25 ಎಂಬಿಯವರೆಗೆ ಲಗತ್ತಿಸಬಹುದು, ಮೂರು ಚಿತ್ರಕ್ಕೆ ತೊಂದರೆಯಿಲ್ಲ.

ಗರಿಯ ಮೇಲ್ಭಾಗದ್ದೊಂದು, ಅಡಿಭಾಗದ್ದೊಂದು ತೆಗೆದು ಇಂದೇ ಹಾಕಿ, ಸಂಜೆ ಎಲ್ಲರೂ ಸೇರಿ ನೋಡೋಣ.