ಮರಿಗಳ ಪಟ್ಟಿ ಸಂರಕ್ಷಣೆಯ ಲೆಕ್ಕವಲ್ಲ

ಮಾನ್ಯ ಲೇಖಕರೇ,

ಮೈಸೂರು ಮೃಗಾಲಯದ ಇತಿಹಾಸ ಮತ್ತು ಸಂರಕ್ಷಣೆ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ.

ಇತಿಹಾಸದ ಭಾಗದಲ್ಲಿ ಎರಡು ತಪ್ಪು ಕಣ್ಣಿಗೆ ರಾಚುತ್ತವೆ. 1892ರಲ್ಲಿ ಜರ್ಮನಿಯ ಉದ್ಯಾನ ತಜ್ಞ ಕೃಂಬಿಗಲ್ ನಕ್ಷೆ ಹಾಕಿ ಮೃಗಾಲಯ ಕಟ್ಟಿದರು ಎಂದಿದ್ದೀರಿ. ಅವರು ಭಾರತಕ್ಕೆ ಬಂದದ್ದೇ 1893ರಲ್ಲಿ, ಅದೂ ಬರೋಡಾಕ್ಕೆ. ಲಾಲ್‌ಬಾಗಿಗೆ ಬರುವಷ್ಟರಲ್ಲಿ ಸುಮಾರು 15 ವರ್ಷ ಕಳೆದಿತ್ತು. ಎಲ್ಲರೂ ಹಾಗೇ ಬರೆಯುತ್ತಾರೆ, ನಿಜ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದರೆ ಹೀಗೇ ಆಗುವುದು. ನಂತರದ ಕೆಲಸದಲ್ಲಿ ಅವರ ಪಾತ್ರವಿದೆ ಎನ್ನುವುದಾದರೆ ಯಾವ ವರ್ಷ, ಯಾವ ಭಾಗ ಎಂಬುದಕ್ಕೆ ದಾಖಲೆ ಕೊಡಿ. ಇನ್ನು, 1909ರಲ್ಲಿ ಚಾಮರಾಜೇಂದ್ರ ಒಡೆಯರು ತಮ್ಮ ಹೆಸರಿಟ್ಟರು ಎಂಬ ಸಾಲು. ಅವರು ತೀರಿಕೊಂಡದ್ದು 1894ರ ಡಿಸೆಂಬರಿನಲ್ಲಿ. ಹೆಸರು ಇಟ್ಟದ್ದು ಅವರ ನೆನಪಿಗೆ.

ಉಳಿದ ಇತಿಹಾಸಕ್ಕೆ ಒಂದು ಪ್ಯಾರಾ ಸಾಕು: ಅರಮನೆಯ 10 ಎಕರೆಯಲ್ಲಿ ಆರಂಭ, ಆಡಳಿತ 1948ರಲ್ಲಿ ಉದ್ಯಾನ ಇಲಾಖೆಗೆ, 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ.

ಲೇಖನ ನಿಜವಾಗಿ ಸೋತಿರುವುದು ‘ಸಂರಕ್ಷಣೆಯ ಸಾಧನೆ’ ಎಂಬ ಭಾಗದಲ್ಲಿ. ಅಲ್ಲಿರುವುದು ಹುಟ್ಟಿದ ಮರಿಗಳ ಪಟ್ಟಿ, ಅದರಲ್ಲೂ ಬಿಳಿ ಹುಲಿಗೇ ಮೊದಲ ಸ್ಥಾನ. ಬಿಳಿ ಹುಲಿ ಬೇರೆ ಪ್ರಭೇದವಲ್ಲ. ತಂದೆ ತಾಯಿ ಇಬ್ಬರಿಂದಲೂ ಒಂದೇ ಅಪರೂಪದ ಜೀನ್ ಬಂದಾಗ ಕಾಣುವ ಬಣ್ಣ ಅದು. 1951ರಲ್ಲಿ ಈಗಿನ ಮಧ್ಯಪ್ರದೇಶದ ರೇವಾ ಪ್ರದೇಶದಲ್ಲಿ ಹಿಡಿದ ಮೋಹನ್ ಎಂಬ ಗಂಡು ಬಿಳಿ ಹುಲಿಯನ್ನು ಅದರ ಮಗಳು ರಾಧಾಳೊಂದಿಗೇ ಕೂಡಿಸಿ 1958ರಲ್ಲಿ ಬಿಳಿ ಮರಿ ಪಡೆದರು. ಅಂಥ ಜೋಡಿಯ ಮರಿಯಲ್ಲಿ ಒಳಸಂತಾನದ ಪ್ರಮಾಣ, ಅಂದರೆ ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ, ಶೇ. 25. ಬಣ್ಣದ ಆಸೆಗೆ ಅದೇ ವಂಶದೊಳಗೆ ಕೂಡಿಸುತ್ತ ಹೋದರೆ ಎಳೆಯ ಮರಿಗಳ ಸಾವು, ಅಂಗದೋಷ ಹೆಚ್ಚುತ್ತವೆ. ಪಂಜಾಬಿನ ಛತ್‌ಬೀರ್‌ನಲ್ಲಿ ಏಷ್ಯಾ, ಆಫ್ರಿಕಾ ಸಿಂಹಗಳ ಬೆರಕೆಯಿಂದ ಸಂಖ್ಯೆಯೇನೋ ಬೆಳೆಯಿತು. ಆದರೆ ಬೆರಕೆಯಿಂದ ಯಾವ ತಳಿಯೂ ಉಳಿಯದು; ಕೊನೆಗೆ ಆ ಸಂತಾನವನ್ನೇ ನಿಲ್ಲಿಸಬೇಕಾಯಿತು.

ಹಾಗಾಗಿ ಒಂದೇ ಪ್ರಾಣಿ ಹಿಡಿದು ಬರೆಯಿರಿ. ಸೀಳುನಾಯಿ ಒಳ್ಳೆಯ ಆಯ್ಕೆ. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿ ಹಾಕುವುದರಿಂದ, ಹತ್ತು ನಾಯಿ ಇದ್ದರೂ ಮುಂದಿನ ಪೀಳಿಗೆಗೆ ಹೋಗುವುದು ಎರಡರ ರಕ್ತ ಮಾತ್ರ. ಇದನ್ನು ಸರಿದೂಗಿಸುವುದು ವಂಶಾವಳಿ ದಾಖಲೆಯ ಕೆಲಸ: ಪ್ರತಿ ಪ್ರಾಣಿಗೂ ಸಂಖ್ಯೆ, ಚರ್ಮದಡಿ ಮೈಕ್ರೋಚಿಪ್, ತಂದೆ ತಾಯಿ ಯಾರು, ಎಲ್ಲಿ ಹುಟ್ಟಿದ್ದು. ಅದನ್ನು ನೋಡಿ ಸಂಬಂಧ ಅತಿ ಕಡಿಮೆ ಇರುವ ಜೋಡಿ ಆರಿಸುತ್ತಾರೆ, ಬೇರೆ ಮೃಗಾಲಯದಿಂದ ಗಂಡು ತರಿಸುತ್ತಾರೆ, ಈಗಾಗಲೇ ಸಂತಾನ ಹೆಚ್ಚಾದ ಪ್ರಾಣಿಯನ್ನು ಬೇರೆ ಇಡುತ್ತಾರೆ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ, 100 ವರ್ಷದ ಮೇಲೂ ಮೂಲ ಆನುವಂಶಿಕ ವೈವಿಧ್ಯದ ಶೇ. 90 ಉಳಿಯಬೇಕು ಎಂಬುದು. ಮೈಸೂರು ಮೃಗಾಲಯದ ಕೂರ್ಗಳ್ಳಿ ಸಂತಾನವೃದ್ಧಿ ಕೇಂದ್ರದಂಥ, ಜನ ಬಾರದ ಪ್ರತ್ಯೇಕ ಜಾಗ ಏಕೆ ಬೇಕು ಎಂದೂ ಹೇಳಿ. ಜನರ ಗಲಾಟೆಗೆ ಬೆದರಿದ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅಲೆಯುತ್ತದೆ, ಒಮ್ಮೊಮ್ಮೆ ಕೊಂದೂ ಬಿಡುತ್ತದೆ. ಕಾಡೆಮ್ಮೆ ಆರಿಸಿಕೊಂಡರೆ ಕಾಲುಬಾಯಿ ಜ್ವರದ ವಿಷಯ ಬಿಡಬೇಡಿ. ಸುತ್ತಲಿನ ಊರದನಗಳಿಂದ, ಮೇವಿನ ಗಾಡಿಯಿಂದ, ಕೆಲಸದವರ ಚಪ್ಪಲಿಯಿಂದಲೂ ಅದು ಒಳಬರಬಲ್ಲದು.

ಅಂಕಿಅಂಶಕ್ಕೆ ಪತ್ರಿಕೆಯ ತುಣುಕು ನಂಬಬೇಡಿ. ಮೃಗಾಲಯಗಳು ಮಾರ್ಚ್ 31ಕ್ಕೆ ಕೊನೆಗೊಳ್ಳುವ ವರ್ಷದ ಪ್ರಾಣಿ ಲೆಕ್ಕವನ್ನು ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಕೊಡುತ್ತವೆ. ಅದರಲ್ಲಿ 3:4:2 ಎಂದಿದ್ದರೆ ಮೂರು ಗಂಡು, ನಾಲ್ಕು ಹೆಣ್ಣು, ಲಿಂಗ ಗುರುತಿಸದ ಎರಡು. ಐದು ವರ್ಷದ್ದು ಪಕ್ಕಪಕ್ಕ ಇಟ್ಟು ಹುಟ್ಟು, ಸಾವು, ಹೊರಗಿನಿಂದ ಬಂದದ್ದು, ಹೊರಗೆ ಕೊಟ್ಟದ್ದು ಬೇರೆಬೇರೆ ಕೂಡಿಸಿ. ಬಂದ ಪ್ರಾಣಿಯನ್ನು ಹುಟ್ಟಿದ ಲೆಕ್ಕಕ್ಕೆ ಸೇರಿಸಿದರೆ ಇಡೀ ವಾದ ಕುಸಿಯುತ್ತದೆ. ಒಂದಾದರೂ ಕಾಡಿಗೆ ಮರಳಿತೇ ಎಂದೂ ಕೇಳಿ. ಇಲ್ಲವಾದರೆ ಇಲ್ಲ ಎಂದೇ ಬರೆಯಿರಿ.

ಕೊನೆಯ ಪುಟದ ಪದ್ಯ ತೆಗೆಯಿರಿ. 1,200 ಪದ ಸಾಕು.

ಸಂಪಾದಕರು